ದರ್ಜಿ ಚಿಕ್ಕಪ್ಪನ ಕೈಗುಣ

ನನ್ನ ಚಿಕ್ಕಪ್ಪ ದರ್ಜಿ. ಬಾಯಲ್ಲಿ ಸದಾ ಗುಂಡುಸೂಜಿ ಇರುವುದರಿಂದ ಅವರು ಮಾತಾಡುವುದಿಲ್ಲ ಎಂದು ಗಿರಾಕಿಗಳು ತಿಳಿದಿದ್ದಾರೆ. ಅದು ಸುಳ್ಳು. ಮಾತಾಡುವ ಪ್ರಸಂಗ ಬರಬಾರದೆಂದೇ ಅವರು ಗುಂಡುಸೂಜಿ ಕಚ್ಚಿಕೊಳ್ಳುವುದು. ಅಂಗಡಿಯಲ್ಲಿ ಗುಂಡಿ ಹಚ್ಚುವುದು, ಅಂಚು ಹೊಲಿಯುವುದು ನನ್ನ ಕೆಲಸ. ಬಂದವರೊಡನೆ ಮಾತಾಡುವುದು ಚಿಕ್ಕಮ್ಮನ ಕೆಲಸ, ಅದನ್ನು ಅವರು ಗಂಡನ ಪಾಲನ್ನೂ ಸೇರಿಸಿ ಮಾಡುತ್ತಾರೆ.

ಬಾಯಿ ಬಿಡದ ಮನುಷ್ಯ ಊರಿನ ಪ್ರೀತಿ ಗಳಿಸುವುದು ಹೇಗೆ? ಚಿಕ್ಕಪ್ಪ ಅದಕ್ಕೊಂದು ದಾರಿ ಹುಡುಕಿಕೊಂಡಿದ್ದರು. ಹೊಲಿದ ಬಟ್ಟೆ ಮಡಿಸಿ ಕೊಡುವಾಗ ಅದರ ಮೇಲೊಂದು ಬಳ್ಳಿಯ ತುಂಡು ಇಟ್ಟು ಕೊಡುವುದು. ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ನೆಲದ ಮೇಲೆ ಹಬ್ಬುವ ಹಳದಿ ಹೂವಿನ ಬಳ್ಳಿಯೊಂದಿತ್ತು. ಹೊಳೆಯುವ ಎಲೆ, ವರ್ಷವಿಡೀ ಹೂವು. ಚಿಕ್ಕಪ್ಪ ಕತ್ತರಿ ಹಿಡಿದು ಹೊರಗೆ ಹೋಗಿ ಗೇಣುದ್ದ ಕತ್ತರಿಸಿ, ಬುಡಕ್ಕೆ ಒದ್ದೆ ಬಟ್ಟೆಯ ಚೂರು ಸುತ್ತಿ ತರುತ್ತಿದ್ದರು. ಬಟ್ಟೆಯ ಕತ್ತರಿಯಲ್ಲಿ ನಾನು ಒಂದು ಕಾಗದ ಕತ್ತರಿಸಿದರೆ ದಿನವಿಡೀ ಮುಖ ಗಂಟು ಹಾಕಿಕೊಳ್ಳುವ ಮಹಾನುಭಾವರು, ಅದೇ ಕತ್ತರಿಯಲ್ಲಿ ಬಳ್ಳಿ ಕತ್ತರಿಸುವಾಗ ಮಾತ್ರ ಧಾರಾಳಿ. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

ಕೊಟ್ಟ ತುಂಡು ಯಾವುದೂ ಸಾಯಲಿಲ್ಲ. ಕುಂಡದಲ್ಲಿ ನೆಟ್ಟವರ ಮನೆಯಲ್ಲಿ ಬದುಕಿತು, ನೆಡಲು ಮರೆತು ಹಿತ್ತಲಿಗೆ ಎಸೆದವರ ಮನೆಯಲ್ಲೂ ಬದುಕಿತು. ಜನ ಅದಕ್ಕೆ ದರ್ಜಿ ಬಳ್ಳಿ ಎಂದೇ ಹೆಸರಿಟ್ಟರು. ‘ದರ್ಜಿಯವರ ಕೈಗುಣ ಅಂದ್ರೆ ಕೈಗುಣ, ಒಣಗಿದ ಕಡ್ಡಿ ಕೊಟ್ರೂ ಚಿಗುರುತ್ತೆ’ ಎಂಬ ಮಾತು ಬೀದಿಯಿಂದ ಬೀದಿಗೆ ಹಬ್ಬಿತು. ಆ ಕೈಗುಣ ಗಿಡದಿಂದ ಬಟ್ಟೆಗೂ ಹತ್ತಿತು. ಮದುವೆ ಬಟ್ಟೆಗೆ ಮೊದಲ ಕತ್ತರಿ ಇವರೇ ಹಾಕಬೇಕು, ಹೊಸ ಮನೆಯ ಅಂಗಳದಲ್ಲಿ ಮೊದಲ ಗಿಡ ಇವರೇ ನೆಡಬೇಕು. ಚಿಕ್ಕಪ್ಪ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹೊಲಿಗೆ ಯಂತ್ರದ ಸದ್ದು ಒಂದು ಪಟ್ಟು ಜೋರಾಗುತ್ತಿತ್ತು.

ಹೀಗಿರುವಾಗ ಸೊಪ್ಪಿನ ಅಜ್ಜಿ ಅಂಗಡಿಗೆ ಬಂದಳು. ಕಾಲುವೆಯ ದಂಡೆಯಲ್ಲಿ ತಾನಾಗಿ ಬೆಳೆಯುವ ಸೊಪ್ಪು ಆಯ್ದು ಸಂತೆಯಲ್ಲಿ ಮಾರುವ ಮುದುಕಿ ಅವಳು. ಹರಿದ ಕೈಚೀಲ ಹೊಲಿಸಿಕೊಳ್ಳಲು ಬಂದಿದ್ದಳು. ಚಿಕ್ಕಪ್ಪ ಹೊಲಿದು, ಎಂದಿನಂತೆ ಹೊರಗೆ ಹೋಗಿ ಬಳ್ಳಿಯ ತುಂಡು ತಂದು ಚೀಲದ ಮೇಲಿಟ್ಟರು. ಅಜ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು, ಸತ್ತ ಇಲಿ ಹಿಡಿದ ಹಾಗೆ.

“ಓಹೋ! ಇದನ್ನ ಊರಿಗೆಲ್ಲ ಹಂಚಿದ ಪುಣ್ಯಾತ್ಮ ನೀನೇನಾ?”

ಚಿಕ್ಕಪ್ಪ ಹೌದೆಂದು ನಾಚಿಕೊಂಡೇ ತಲೆಯಾಡಿಸಿದರು. ಪಾಪ, ಹೊಗಳಿಕೆ ಅಂದುಕೊಂಡಿದ್ದರು.

“ನಿನ್ನ ಕೈಗೆ ಬೆಂಕಿ ಹಾಕ! ಜನ ಹೆಚ್ಚಾಯ್ತು ಅಂತ ಕಿತ್ತು ಕಾಲುವೆಗೆ ಎಸೀತಾರೆ. ಎಸೆದಲ್ಲೇ ಬೇರು ಬಿಡುತ್ತೆ. ದಂಡೆ ಪೂರ್ತಿ ಇದೇ ತುಂಬ್ಕೊಂಡಿದೆ, ಕೆಳಗೆ ಒಂದು ಹುಲ್ಲೂ ಹುಟ್ಟಲ್ಲ. ಒಂದೆಲಗ ಹೋಯ್ತು, ಹೊನಗೊನ್ನೆ ಹೋಯ್ತು. ಇನ್ನು ಆ ಹೊಸ ಮನೆ ಹಿಂದೆ ಒಂದು ಚೂರು ಜಾಗ ಉಳಿದಿದೆ. ಅದೂ ಹೋದ್ರೆ ನಾನೇನು ಈ ಹೂವ ಮುಡ್ಕೊಂಡು ಕೂತ್ಕೊಳ್ಳಲಾ?”

ಚಿಕ್ಕಮ್ಮನ ಬಾಯಿಯೇ ಕಟ್ಟಿಹೋಯಿತೆಂದರೆ ಅಜ್ಜಿಯ ಸಿಟ್ಟು ಎಂಥದ್ದೆಂದು ನೀವೇ ಊಹಿಸಿ.

ಮಾರನೆಯ ದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಚಿಕ್ಕಪ್ಪ ಕಾಲುವೆಗೆ ಹೋದರು, ನಾನೂ ಹಿಂದೆ ಹೋದೆ. ದಂಡೆಯ ಉದ್ದಕ್ಕೂ ಹಳದಿಯೋ ಹಳದಿ. ನೋಡಲು ಬಹಳ ಚೆನ್ನಾಗಿತ್ತು, ಅದೇ ತೊಂದರೆ. ಚಿಕ್ಕಪ್ಪ ಕುಕ್ಕುರುಗಾಲಲ್ಲಿ ಕೂತು ಒಂದು ಎಳೆ ಎಳೆದರು. ಎಲ್ಲಿ ಗಿಣ್ಣೋ ಅಲ್ಲೆಲ್ಲ ಬೇರು. ಎಳೆದಷ್ಟೂ ಬಂತು, ಬಿಚ್ಚಿದ ನೂಲಿನ ಉಂಡೆಯ ಹಾಗೆ. ಅದರ ನಡುವೆ ಒಂದು ಕಡೆ ಬಟ್ಟೆಯ ಚೂರು ಸಿಕ್ಕಿತು, ನೀಲಿ ಚೌಕಳಿಯದು. ಶಾಲೆಯ ಸಮವಸ್ತ್ರ ಹೊಲಿದು ಉಳಿದ ಚೂರು, ನಮ್ಮ ಅಂಗಡಿಯದೇ. ಚಿಕ್ಕಪ್ಪ ಅದನ್ನು ಜೇಬಿಗೆ ಹಾಕಿಕೊಂಡರು.

ಆ ಸಂಜೆಯೇ ಮೆಟ್ಟಿಲ ಪಕ್ಕದ ಬಳ್ಳಿಯನ್ನು ಬೇರುಸಹಿತ ಕಿತ್ತು, ಕಾಲುವೆಗೆ ಎಸೆಯದೆ, ತಗಡಿನ ಮೇಲೆ ಹರಡಿ, ನಾಲ್ಕು ದಿನ ಬಿಸಿಲಿಗೆ ಒಣಗಿಸಿ ಸುಟ್ಟೆವು. ಆಮೇಲೆ ಚಿಕ್ಕಮ್ಮನನ್ನು ಮುಂದೆ ಬಿಟ್ಟುಕೊಂಡು ಮನೆಮನೆಗೆ ಹೊರಟೆವು, ಕೊಟ್ಟ ಗಿಡವನ್ನು ವಾಪಸ್ ಕೇಳಲು. ಕೊಟ್ಟದ್ದನ್ನು ವಾಪಸ್ ಕೇಳುವವರ ಮುಖ ಹೇಗಿರಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಕೆಲವರು ಕಿತ್ತು ಕೊಟ್ಟರು. ಕೆಲವರು, “ನಿಮ್ಮ ಕೈಗುಣದ ಗಿಡ, ಮನೆಗೆ ಒಳ್ಳೇದಾಗಿದೆ, ಹೆಂಗೆ ಕೀಳೋದು?” ಎಂದು ಬಾಗಿಲಿಗೆ ಅಡ್ಡ ನಿಂತರು. “ಬದಲಿಗೆ ಬೇರೆ ಏನು ಕೊಡ್ತೀರಾ?” ಎಂದವರೇ ಹೆಚ್ಚು.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಮುಖ್ಯರಸ್ತೆಯ ನರ್ಸರಿಗೆ ಹೋದೆವು. ನರ್ಸರಿಯಮ್ಮ ಮಹಾ ಮಾತುಗಾರ್ತಿ. ನೇರಳೆ ಹೂವಿನ ಒಂದು ಬಳ್ಳಿ ಎತ್ತಿ ತೋರಿಸಿ, “ಇದು ತಗೊಳ್ಳಿ. ಬೇಗ ಹಬ್ಬುತ್ತೆ, ನೀರೂ ಬೇಡ, ಗೊಬ್ಬರಾನೂ ಬೇಡ. ಕಿತ್ತು ಎಸೆದ್ರೂ ಸಾಯಲ್ಲ,” ಎಂದಳು. ಚಿಕ್ಕಪ್ಪ ಹಾವು ಕಂಡವರಂತೆ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವಳು ಯಾವ ಗಿಡವನ್ನು ಹೊಗಳಿದರೂ ಅವರು ತಲೆ ಅಡ್ಡ ಆಡಿಸಿದರು. ಕೊನೆಗೆ ಮೂಲೆಯಲ್ಲಿದ್ದ ನೀಲಿ ಹೂವಿನ ಒಂದು ಪುಟ್ಟ ಗಿಡದತ್ತ ಬೆರಳು ತೋರಿಸಿದರು.

“ಅದಾ? ವಿಷ್ಣುಕ್ರಾಂತಿ. ಅದರ ಸಹವಾಸ ಬೇಡ. ಮಹಾ ಸೋಮಾರಿ. ಇಟ್ಟ ಜಾಗ ಬಿಟ್ಟು ಅಲ್ಲಾಡಲ್ಲ. ನೀರು ಜಾಸ್ತಿ ಆದ್ರೆ ಕೊಳೆಯುತ್ತೆ, ಕಮ್ಮಿ ಆದ್ರೆ ಮುನಿಸ್ಕೊಳ್ಳುತ್ತೆ. ಹೂವು ನೋಡಿ, ಅಂಗಿ ಗುಂಡಿಯಷ್ಟೂ ಇಲ್ಲ.”

ಚಿಕ್ಕಪ್ಪ ಬಾಯಿ ತೆರೆದರು. “ಅದೇ ಕೊಡಿ,” ಎಂದರು. ನರ್ಸರಿಯಮ್ಮ ನನ್ನ ಮುಖ ನೋಡಿದಳು, ಮನುಷ್ಯನಿಗೆ ತಲೆ ನೆಟ್ಟಗಿದೆಯಾ ಎನ್ನುವಂತೆ. ನನಗೂ ಖಾತ್ರಿ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಅಂಗಿಯ ಜೊತೆಗೆ, ಪರದೆಯ ಜೊತೆಗೆ, ಲಂಗದ ಜೊತೆಗೆ ನೀಲಿ ಹೂವಿನ ಸಸಿ ಹೋಯಿತು. ಹೋದದ್ದೆಲ್ಲ ಸತ್ತಿತು. ಹಳದಿ ಬಳ್ಳಿಯ ಅಭ್ಯಾಸ ಬಿದ್ದ ಜನ, ಸಸಿಯನ್ನು ಎಲ್ಲೋ ಊರಿ ಮರೆತರು, ಇಲ್ಲವೇ ಪಾತ್ರೆ ತೊಳೆದ ನೀರು ಸುರಿದರು. ಸತ್ತ ಮೇಲೆ ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡರು. ದರ್ಜಿಯ ಕೈಗುಣ ಹೋಯಿತಂತೆ ಎಂಬ ಸುದ್ದಿ ಕೈಗುಣ ಬಂತೆಂಬ ಸುದ್ದಿಗಿಂತ ವೇಗವಾಗಿ ಓಡಿತು. ಮಗಳ ಮದುವೆಗೆಂದು ಬಟ್ಟೆ ತಂದುಕೊಟ್ಟಿದ್ದ ಒಬ್ಬ ತಾಯಿ ಬಂದು, “ಅವಸರ ಇದೆ, ಬೇರೆ ಕಡೆ ಕೊಡ್ತೀವಿ,” ಎಂದು ಬಟ್ಟೆ ಸುತ್ತಿಕೊಂಡು ಹೋದಳು. ಮದುವೆಗೆ ಇನ್ನೂ ಐದು ತಿಂಗಳಿತ್ತು! ನಾನು ಅವಳ ಬೆನ್ನಿಗೆ ಸೂಜಿ ಎಸೆಯಬೇಕೆಂದಿದ್ದೆ. ಚಿಕ್ಕಪ್ಪ ಮಾತ್ರ ಬರೆದಿಟ್ಟಿದ್ದ ಅವಳ ಮಗಳ ಅಳತೆಯ ಚೀಟಿಯನ್ನು ಮಡಿಸಿ ಒಳಗಿಟ್ಟರು. ಅವರಿಗೆ ಇದ್ದದ್ದು ಅದೊಂದೇ ಹೆಸರು, ಅದೂ ಹೋಗುತ್ತಿತ್ತು.

ಆಗಲೇ ಕಾಲುವೆ ದಂಡೆಯ ಹೊಸ ಮನೆಯಿಂದ ಕರೆ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು, ಮನೆಯಲ್ಲಿ ವಯಸ್ಸಾದ ಅತ್ತೆ. ಕೈಗುಣ ಹೋದ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲವೋ ಏನೋ, ಹಿತ್ತಲಿನ ಮೊದಲ ಗಿಡ ದರ್ಜಿಯವರೇ ನೆಡಬೇಕಂತೆ. ಹಿತ್ತಲ ಬೇಲಿಯ ಆಚೆಗೇ ಅಜ್ಜಿಯ ಉಳಿದ ಸೊಪ್ಪಿನ ಜಾಗ.

ಹೊರಡುವಾಗ ಚಿಕ್ಕಮ್ಮ ಸೆರಗಿನ ಮರೆಯಿಂದ ಹಳದಿ ಬಳ್ಳಿಯ ಒಂದು ತುಂಡು ತೆಗೆದರು. ಯಾರದೋ ಮನೆಯಿಂದ ತಂದಿಟ್ಟುಕೊಂಡಿದ್ದರು. “ಇದೊಂದು ಸಲ ಇದನ್ನೇ ನೆಟ್ಟುಬಿಡಿ. ಬೀದಿಯವರೆಲ್ಲ ನೋಡೋಕೆ ಬರ್ತಾರೆ. ಇದಾದ್ರೆ ಸಾಯಲ್ಲ. ನಿಮ್ಮ ಹೆಸರು ಉಳಿಯುತ್ತೆ.”

ಚಿಕ್ಕಪ್ಪ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೇಡವೆನ್ನಲು ಅವರಿಗೆ ಮನಸ್ಸಿರಲಿಲ್ಲ, ಅದು ನನಗೆ ಚೆನ್ನಾಗಿ ಕಂಡಿತು. ಆಮೇಲೆ ಅದನ್ನು ಒಲೆಗೆ ಹಾಕಿ, ಸೋಮಾರಿ ಗಿಡದ ಕುಂಡ ಎತ್ತಿಕೊಂಡು ಹೊರಟರು.

ನೆಟ್ಟ ಮೇಲೆ ಚಿಕ್ಕಪ್ಪ ಪ್ರತಿ ಮಧ್ಯಾಹ್ನ ಊಟದ ಹೊತ್ತಿಗೆ ಮಾಯವಾಗತೊಡಗಿದರು. ಎಲ್ಲಿಗೆಂದು ಕೇಳಿದರೆ ಬಾಯಲ್ಲಿ ಗುಂಡುಸೂಜಿ. ಮೂರು ತಿಂಗಳು ಕಳೆದಿರಬೇಕು, ಬ್ಯಾಂಕಿನ ಹೆಂಗಸು ರಜೆಯ ದಿನ ಬೆಳಿಗ್ಗೆ ಅಂಗಡಿಗೇ ಬಂದು ನಮ್ಮನ್ನೆಲ್ಲ ಕರೆದುಕೊಂಡು ಹೋದಳು. ಅಕ್ಕಪಕ್ಕದವರೂ ಸೇರಿದ್ದರು. ಬಟ್ಟೆ ಸುತ್ತಿಕೊಂಡು ಹೋದ ಆ ತಾಯಿಯೂ ಇದ್ದಳು. ಹಿತ್ತಲಿನಲ್ಲಿ ವಿಷ್ಣುಕ್ರಾಂತಿ ನೆಲಕ್ಕೆ ಅಂಟಿಕೊಂಡು ಹರಡಿತ್ತು, ಮೈತುಂಬ ನೀಲಿ ಹೂವು. ಬ್ಯಾಂಕಿನ ಹೆಂಗಸು ಎಲ್ಲರಿಗೂ ಕೇಳುವಂತೆ, “ನೋಡಿ, ಎಲ್ಲರ ಮನೇಲೂ ಸತ್ತ ಗಿಡ ನಮ್ಮನೇಲಿ ಹೇಗೆ ಬಂದಿದೆ! ದರ್ಜಿಯವರ ಕೈಗುಣ ಎಲ್ಲೂ ಹೋಗಿಲ್ಲ,” ಎಂದಳು.

ಚಿಕ್ಕಪ್ಪ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಹೋದ ಮರ್ಯಾದೆ ತಾನಾಗಿ ನಡೆದು ಬಂದು ಮುಂದೆ ನಿಂತಿತ್ತು. ಚಿಕ್ಕಮ್ಮ ಆಗಲೇ ಬೀಗುತ್ತಿದ್ದರು.

“ಕೈಗುಣ ಅಲ್ಲಮ್ಮ,” ಎಂದರು ಚಿಕ್ಕಪ್ಪ. “ಮೊದಲು ನೆಟ್ಟದ್ದು ಸತ್ತೋಯ್ತು. ಎರಡನೇದಕ್ಕೆ ನಾನೇ ನೀರು ಜಾಸ್ತಿ ಹಾಕ್ದೆ. ಮೂರನೇದು ಬುಡ ಅಲ್ಲಾಡಿ ಹೋಯ್ತು. ಇದು ನಾಲ್ಕನೇದು. ನೀವು ಬ್ಯಾಂಕಿಗೆ ಹೋದ ಮೇಲೆ, ಹಿಂದಿನ ಬೇಲಿ ದಾಟಿ ಬಂದು ಬದಲಾಯಿಸ್ತಿದ್ದೆ.”

ಚಿಕ್ಕಮ್ಮ ತಲೆ ಚಚ್ಚಿಕೊಂಡರು. ಬ್ಯಾಂಕಿನ ಹೆಂಗಸಿನ ಮುಖ ನೋಡುವಂತಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಅವಳ ಅತ್ತೆ ಕೋಲೂರಿಕೊಂಡು ದಡದಡ ಬಂದರು.

“ಕೇಳಿಸ್ಕೊಂಡ್ಯಾ? ಮಧ್ಯಾಹ್ನ ಹಿತ್ತಲಲ್ಲಿ ಯಾರೋ ಮಾತಾಡ್ತಾರೆ ಕಣೇ ಅಂತ ಬಡ್ಕೊಂಡೆ. ಅತ್ತೆಗೆ ಅರಳುಮರಳು ಅಂತ ನೀನು ನನ್ನ ಡಾಕ್ಟರ ಹತ್ರ ಕರ್ಕೊಂಡ್ ಹೋದೆ! ಇವರೇ ನೋಡು. ‘ಒಂದೇ ಒಂದು ಎಲೆ ಬಿಡು ಮಾರಾಯ, ನನ್ನ ಮಾನ ಉಳಿಸು’ ಅಂತ ಗಿಡದ ಮುಂದೆ ಕೂತ್ಕೊಂಡು ಗೋಗರೀತಿದ್ರು!”

ಹಿತ್ತಲು ನಗೆಯಿಂದ ತುಂಬಿಹೋಯಿತು. ಚಿಕ್ಕಪ್ಪನ ಕಿವಿ ಕೆಂಪಾಯಿತು. ಮನೆಯಲ್ಲಿ ನಮ್ಮೊಡನೆ ದಿನಕ್ಕೆ ಹತ್ತು ಮಾತಾಡದ ಮನುಷ್ಯ ಇಲ್ಲಿ ಗಿಡದ ಜೊತೆ ಹರಟುತ್ತಿದ್ದರೆಂದು ತಿಳಿದು ನನಗೆ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು.

ನಗು ನಿಂತ ಮೇಲೆ ಆ ಅತ್ತೆಯೇ ಕೇಳಿದರು, “ಅಲ್ಲಪ್ಪಾ, ಇಷ್ಟು ಪಾಡು ಯಾಕೆ ಪಟ್ಟೆ? ಆ ಹಳದಿ ಬಳ್ಳೀನೇ ನೆಟ್ಟಿದ್ರೆ ತಾನಾಗೇ ಬರ್ತಿರಲಿಲ್ವಾ?”

ಚಿಕ್ಕಪ್ಪ ಬೇಲಿಯ ಆಚೆ ಕೈ ತೋರಿಸಿ ಅಜ್ಜಿಯ ಸೊಪ್ಪಿನ ಕತೆ ಹೇಳಿದರು. ನಿಧಾನವಾಗಿ, ತಡವರಿಸುತ್ತ, ಆದರೆ ಪೂರ್ತಿ ಹೇಳಿದರು. ಕೊನೆಗೆ, “ಆ ಬಳ್ಳೀನ ಇಪ್ಪತ್ತು ವರ್ಷ ಊರಿಗೆಲ್ಲ ಕೊಟ್ಟೆ. ಯಾರ ಮನೇಲಿ ಹೇಗಿದೆ ಅಂತ ಒಂದು ದಿನಾನೂ ನೋಡೋಕೆ ಹೋಗಿರಲಿಲ್ಲ. ಹೋಗಿದ್ರೆ ಮುಂಚೇನೇ ಗೊತ್ತಾಗ್ತಿತ್ತು,” ಎಂದರು. ಬಟ್ಟೆ ವಾಪಸ್ ತೆಗೆದುಕೊಂಡಿದ್ದ ತಾಯಿ ಸೆರಗು ಸರಿಮಾಡಿಕೊಳ್ಳುತ್ತ, ನಮ್ಮ ಹಿತ್ತಲಲ್ಲಿ ಅದು ಬಹಳ ಇದೆ, ಕೀಳೋದು ಹೇಗೆ ಅಂತ ಒಂದು ಸಲ ಬಂದು ತೋರಿಸ್ತೀರಾ ಎಂದು ಕೇಳಿದಳು.

ಹೊರಡುವಾಗ ಚಿಕ್ಕಪ್ಪ ಅಭ್ಯಾಸಬಲದಿಂದ ಹಿಂದಿನ ಬೇಲಿಯ ಕಡೆಗೇ ನಡೆದರು. ಆ ಅತ್ತೆ ಕೋಲು ಅಡ್ಡ ಹಿಡಿದು ತಡೆದರು.

“ನಾಳೆಯಿಂದ ಮುಂದಿನ ಬಾಗಿಲಿಂದ ಬಾಪ್ಪಾ. ಮಧ್ಯಾಹ್ನ ನಾನೂ ಒಬ್ಬಳೇ ಇರ್ತೀನಿ. ಗಿಡಕ್ಕೆ ಹೇಳಿ ಮುಗಿದ ಮೇಲೆ, ಮಾತು ಉಳಿದಿದ್ರೆ ನನಗೂ ಎರಡು ಹೇಳು.”