ಬಾನೆಟ್ ಮೇಲಿನ ಬಂದೂಕು

ಮೆಲ್ಬರ್ನ್‌ನ ಬಂದೂಕಿನಂಗಡಿಯಲ್ಲಿ ನನಗೆ ಮೊದಲು ತೋರಿಸಿದ್ದು ಗುಲಾಬಿ ಬಣ್ಣದ ರೈಫಲ್. ದೇವರಾಣೆಗೂ ಸುಳ್ಳಲ್ಲ. ಒಂದು ಕಡೆ ಮೀನಿನ ಗಾಳ, ಇನ್ನೊಂದು ಕಡೆ ನಾಯಿ ಬಿಸ್ಕತ್ತು, ನಡುವಿನ ಗೋಡೆಗೆ ನಮ್ಮೂರಲ್ಲಿ ಛತ್ರಿ ನಿಲ್ಲಿಸಿದ ಹಾಗೆ ಸಾಲಾಗಿ ಬಂದೂಕುಗಳು. ಗಲ್ಲಾದ ಹಿಂದಿದ್ದ ಕೆಂಪುಗಡ್ಡದವನು ನನ್ನ ಗಂಡನ ಕೈ ಕುಲುಕಿದ, ಹವಾಮಾನ ವಿಚಾರಿಸಿದ, ಆಮೇಲೆ ನನ್ನ ಕಡೆ ತಿರುಗಿ, ಇದು ಹಗುರ, ಹೆಂಗಸರಿಗೆ ಹೇಳಿ ಮಾಡಿಸಿದ್ದು ಎಂದು ಆ ಗುಲಾಬಿಯನ್ನು ಇಳಿಸಿದ. ನನ್ನ ಗಂಡ ಗಿರೀಶ್ ಮೈಸೂರಿನ ಸಭ್ಯಸ್ಥರು. ಲೈಸೆನ್ಸ್ ಇರುವುದು ಇವಳಿಗೆ, ನಾನು ಬರೀ ಡ್ರೈವರ್ ಎಂದು ಅವನಿಗೆ ತಿಳಿಸಿದರು. ಗಡ್ಡದವನು ನಕ್ಕ. ತಮಾಷೆ ಎಂದುಕೊಂಡನಂತೆ, ಪೆದ್ದ.

ನನಗೇಕೆ ಬಂದೂಕು ಎಂದು ಅರಸೀಕೆರೆಯಲ್ಲಿ ಕೂತು ಓದುತ್ತಿರುವ ನೀವು ಕೇಳಬಹುದು. ಇಲ್ಲಿಯ ಕನ್ನಡದವರೂ ಅದನ್ನೇ ಕೇಳಿದರು. ಕಾಲೇಜಿನ ಎನ್‌ಸಿಸಿಯಲ್ಲಿ ನಾನು ಹೊಡೆದ ಐದು ಗುಂಡುಗಳು ಒಂದು ಬೆಂಡೋಲೆಯಗಲದ ಜಾಗದಲ್ಲಿ ಕೂರುತ್ತಿದ್ದವು. ಹುಡುಗರು ಮುಖ ಸಿಂಡರಿಸುತ್ತಿದ್ದರು. ಆಮೇಲೆ ಮದುವೆ, ಸಿಡ್ನಿ. ಪ್ಯಾರಮಟ್ಟಾದ ಬಾಡಿಗೆ ಫ್ಲ್ಯಾಟಿನಲ್ಲಿ ಆರು ವರ್ಷ 'ಗಿರೀಶ್ ವೈಫ್' ಆಗಿದ್ದೆ. ಅಲ್ಲಿ ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆಯಬೇಕೆಂದರೂ ಏಜೆಂಟಿಗೆ ಇಮೇಲ್ ಬರೆಯಬೇಕು. ಆಮೇಲೆ ಮೆಲ್ಬರ್ನ್, ಅದರ ಹೊರವಲಯದ ವೆರಿಬೀ, ರಕ್ತ ತೆಗೆಯುವ ಲ್ಯಾಬಿನಲ್ಲಿ ಕೆಲಸ. ಇಪ್ಪತ್ತೆರಡರ ಹುಡುಗಿ ನನ್ನ ಇಂಗ್ಲಿಷ್ ತಿದ್ದುತ್ತಾಳೆ, ಗುಡ್ ಜಾಬ್ ಎಂದು ಬೆನ್ನು ತಟ್ಟುತ್ತಾಳೆ. ಈ ದೇಶದಲ್ಲಿ ನಾನು ಎಲ್ಲದರಲ್ಲೂ ಕಲಿಯುವವಳು. ಗುರಿಯೊಂದರಲ್ಲಿ ಮಾತ್ರ ಕಲಿತವಳು. ಆ ಲೈಸೆನ್ಸ್ ನನಗೆ ಇಲ್ಲೇ ಕಾಯಂ ನೆಲೆಸಲು ಕೊಡುವ ಪಿಆರ್‌ಗಿಂತ ದೊಡ್ಡದಾಗಿತ್ತು, ನಗುವವರು ನಗಲಿ.

ಸುದ್ದಿ ಹಬ್ಬಿದ್ದೇ ತಡ, ಗಿರೀಶರ ಗೆಳೆಯ ಪ್ರಕಾಶ್ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದರು. ಬೆಂಗಳೂರಿನ ಜಯನಗರದವರು. ದಸರಾ ವಸ್ತುಪ್ರದರ್ಶನದ ಬಲೂನು ಬಿಟ್ಟರೆ ಇನ್ನೊಂದಕ್ಕೆ ಗುರಿಯಿಟ್ಟವರಲ್ಲ. ಆದರೂ ರಾತ್ರಿ ಬೆಳಗಾಗುವುದರೊಳಗೆ ಮೂವತ್ತು ರೈಫಲ್‌ಗಳ ಪಟ್ಟಿ ಮಾಡಿದ್ದರು.

"ಶೈಲಾ ಅವ್ರೇ, ಚೀಪ್ ಆಗಿ ಹೋಗ್ಬೇಡಿ. ಟಾಪ್ ಮಾಡೆಲ್ ತಗೊಂಡ್ಬಿಡಿ, ಫ್ಯೂಚರ್ ಪ್ರೂಫ್ ಆಗಿರತ್ತೆ."

"ಅದು ಫೋನಲ್ಲ ಪ್ರಕಾಶ್. ಮುಂದಿನ ವರ್ಷ ಅಪ್‌ಡೇಟ್ ಬರಲ್ಲ."

"ಅಲ್ರೀ, ಈ ಸ್ಕೋಪ್‌ನಲ್ಲಿ ಚಂದ್ರನ ಮೇಲಿರೋ ಹಳ್ಳನೂ ಕಾಣತ್ತಂತೆ!"

"ನಾನು ಚಂದ್ರಂಗೆ ಹೊಡೀಬೇಕಾಗಿಲ್ಲ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಅದೇ ಬುದ್ಧಿ. ಮನೆಸಾಲದ ಮಾರ್ಟ್‌ಗೇಜ್ ಕುತ್ತಿಗೆ ಹಿಸುಕುತ್ತಿದ್ದರೂ ಇವರಿಗೆ ಎಲ್ಲದರಲ್ಲೂ ಟಾಪ್ ಮಾಡೆಲ್ಲೇ ಬೇಕು. ಶನಿವಾರ ರೇಂಜಿಗೆ, ಅಂದರೆ ಗುರಿ ಅಭ್ಯಾಸದ ಮೈದಾನಕ್ಕೆ ಹೋದರೆ ಅಲ್ಲೂ ಇಂಥವರೇ. ಹೊಸ ರೈಫಲ್, ಹೊಸ ಜಾಕೆಟ್, ಗುಂಡು ಮಾತ್ರ ಮಣ್ಣಿನ ದಿಬ್ಬಕ್ಕೆ. ಕೇಳಿದರೆ ಗಾಳಿ ಸರಿಯಿಲ್ಲ, ಸ್ಕೋಪ್ ಅಲುಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ವಿಷಯದಲ್ಲಿ ಬಿಳಿಯರೂ ನಮ್ಮವರೂ ಒಂದೇ.

ನಾನು ಆರಿಸಿದ್ದು ಸೆಕೆಂಡ್ ಹ್ಯಾಂಡ್ ಮೂಲೆಯಲ್ಲಿದ್ದ ಒಂದು ತ್ರೀ-ನಾಟ್-ಏಟ್ ರೈಫಲ್, ದಪ್ಪ ಗುಂಡಿನದು. ಎನ್‌ಸಿಸಿಯಲ್ಲಿ ಹಿಡಿದಿದ್ದಂಥ ಸಣ್ಣ ಪಾಯಿಂಟ್ ಟೂ-ಟೂ ಕಡೆಗೇ ಮನಸ್ಸು ಎಳೆಯಿತು, ಆದರೆ ಅದರಲ್ಲಿ ಇಲ್ಲಿ ಕಡವೆ ಹೊಡೆಯಲು ಕಾನೂನು ಬಿಡುವುದಿಲ್ಲ. ದೊಡ್ಡ ಪ್ರಾಣಿಯನ್ನು ನರಳಿಸಬಾರದು, ಸರಿಯಾದ ಮಾತು. ತ್ರೀ-ನಾಟ್-ಏಟ್ ಆದರೆ ಗುರಿ ಅಭ್ಯಾಸಕ್ಕೂ ಆಯಿತು, ವರ್ಷಕ್ಕೊಮ್ಮೆ ಬೇಟೆಗೂ ಆಯಿತು. ಗುಂಡು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮರದ ಹಿಡಿಯ ಮೇಲೆಲ್ಲ ಗೀರು. ಇರಲಿ, ಮದುವೆ ಮಾಡಿಕೊಡಬೇಕಾಗಿಲ್ಲವಲ್ಲ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದೆ, ತೊಳೆದ ಲೋಟದ ಹಾಗಿತ್ತು. ಹಿಡಿಯ ತುದಿಯನ್ನು ಮೊಣಕೈ ಮಡಿಕೆಗೆ ಆನಿಸಿದರೆ ಬೆರಳು ಸಲೀಸಾಗಿ ಟ್ರಿಗರ್ ಮುಟ್ಟಿತು. ಉಳಿದ ಹಣದಲ್ಲಿ ಸಾಧಾರಣವಾದ, ಗಟ್ಟಿಯಾದ ಸ್ಕೋಪ್ ಕೊಂಡೆ, ಮಿಕ್ಕಿದ್ದಕ್ಕೆಲ್ಲ ಗುಂಡು. ಗುರಿ ಬರುವುದು ಗುಂಡು ಖರ್ಚು ಮಾಡಿದರೆ ಹೊರತು ಬಂದೂಕಿಗೆ ಹಣ ಸುರಿದರೆ ಅಲ್ಲ. ಇದನ್ನು ಕೆಂಪುಗಡ್ಡದವನಿಗೆ ಹೇಳಿದಾಗ ಅವನು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

ಆದರೆ ಮನೆಗೆ ತರುವುದು ಅಷ್ಟು ಸುಲಭವಲ್ಲ. ಪೊಲೀಸರ ಪರ್ಮಿಟ್‌ಗೆ ವಾರಗಟ್ಟಲೆ ಕಾಯಬೇಕು, ಜಿಂಕೆ ಜಾತಿಯ ಬೇಟೆಗೆ ಇನ್ನೊಂದು ಲೈಸೆನ್ಸ್, ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ, ಅದರ ಕೀ ನನ್ನೊಬ್ಬಳ ಹತ್ತಿರ. ಸಾಲ ಮಾಡಿ ಕೊಂಡ ಸ್ವಂತ ಮನೆಯ ಗೋಡೆಗೆ ಕೊರೆದ ಮೊದಲ ತೂತು ಆ ಪೆಟ್ಟಿಗೆಯದು. "ದೇವರ ಫೋಟೋಗಾದ್ರೂ ಮೊದ್ಲು ಒಂದು ಮೊಳೆ ಹೊಡೀಬಹುದಿತ್ತಲ್ಲೇ," ಎಂದು ಗಿರೀಶ್ ಗೊಣಗಿದರು. ಕೀಯನ್ನು ಕರಿಮಣಿ ಸರದಲ್ಲಿ, ಪಿನ್ನುಗಳ ಜೊತೆ ಪೋಣಿಸಿಕೊಂಡೆ.

ಇಷ್ಟು ಹೊತ್ತು ಊರವರನ್ನೆಲ್ಲ ಆಡಿಕೊಂಡೆನಲ್ಲ, ಈಗ ನನ್ನ ಸರದಿ. ಊರಿಗೆ ಉಪದೇಶ ಹೇಳಿ ತಾನು ಬದನೆಕಾಯಿ ತಿಂದ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದಿರಬೇಕು.

ಆಯುಧಪೂಜೆ ಬಂತು. ಗ್ಯಾರೇಜಿನ ಶಟರ್ ಎತ್ತಿ ಎರಡೂ ಕಾರು ತೊಳೆದೆವು, ಚಕ್ರಗಳಡಿ ನಿಂಬೆಹಣ್ಣು ಇಟ್ಟೆವು. ಮಿಕ್ಸಿ, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸುವ ಯಂತ್ರ, ಎಲ್ಲಕ್ಕೂ ವಿಭೂತಿ. ಪ್ರಕಾಶರ ಸಂಸಾರವೂ ಬಂದಿತ್ತು. ಎಷ್ಟೋ ವರ್ಷಗಳ ಮೇಲೆ ನನ್ನದೇ ಎನ್ನುವ ಒಂದು ಆಯುಧ ಮನೆಯಲ್ಲಿದೆ, ಮಿಕ್ಸಿಗೆ ಪೂಜೆ ಮಾಡಿ ಅದನ್ನು ಪೆಟ್ಟಿಗೆಯಲ್ಲಿ ಬಿಡುವುದೇ? ತಂದು ಕಾರಿನ ಬಾನೆಟ್ ಮೇಲೆ ಮಲಗಿಸಿದೆ. ಕುಂಕುಮ ಇಟ್ಟೆ, ಚೆಂಡುಹೂವು ಸುತ್ತಿದೆ. ಬೀದಿಗೆ ಕಾಣುವ ಹಾಗೆ, ಹಾಡಹಗಲಲ್ಲಿ! ಊರಲ್ಲಿ ಆಯುಧಪೂಜೆ ಮಾಡುವುದೇ ಬೀದಿಗೆ ಕಾಣಲಿ ಎಂದಲ್ಲವೇ? ತಲೆಗೆ ಅದಷ್ಟೇ ಹೊಳೆದದ್ದು.

ಮಂಗಳಾರತಿ ಮುಗಿಯುವ ಮೊದಲು ಪೊಲೀಸರ ಎರಡು ಕಾರು ಬಂದು ನಿಂತವು. ಫೋನ್ ಮಾಡಿದ್ದು ಎದುರುಮನೆಯ ಹೆಂಗಸು, ಯುಗಾದಿಗೆ ನಾನು ಕೊಟ್ಟ ಒಬ್ಬಟ್ಟು ತಿಂದ ಅದೇ ಬಾಯಿಂದ. ಎಲ್ಲರೂ ಹಿಂದೆ ಸರಿಯಿರಿ, ಕೈ ಕಾಣುವಂತಿರಲಿ ಎಂದರು ಪೊಲೀಸರು. ಪ್ರಕಾಶ್ ಎಲ್ಲರಿಗಿಂತ ಮೊದಲು ಸರಿದರು. "ಐ ಆ್ಯಮ್ ಜಸ್ಟ್ ಗೆಸ್ಟ್, ಸರ್" ಎಂದು ಕೋಸಂಬರಿ ತಟ್ಟೆ ಹಿಡಿದೇ ಗೇಟಿನವರೆಗೆ ಹೋದರು. ಥೂ, ಇಂಥವರಿಗೆ ಕಡಲೆಬೇಳೆ ನೆನೆಹಾಕಿದ್ದೆನಲ್ಲ!

ನನ್ನ ಬಾಯಿಂದ ಇಂಗ್ಲಿಷೇ ಹೊರಡಲಿಲ್ಲ. ಲೈಸೆನ್ಸ್ ಹೋಯಿತು, ಮತ್ತೆ ನಾನು 'ಗಿರೀಶ್ ವೈಫ್' ಅಷ್ಟೇ ಎನ್ನುವುದೊಂದೇ ತಲೆಯಲ್ಲಿ. ಹದಿಮೂರರ ಮಗಳು ಅನು ಮುಂದೆ ಬಂದು, ಇವತ್ತು ನಮ್ಮ ಉಪಕರಣಗಳಿಗೆಲ್ಲ ಕೈಮುಗಿಯುವ ದಿನ, ನನ್ನ ಸೈಕಲ್‌ಗೂ ಹೂವಿದೆ ನೋಡಿ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಬಂದವರಲ್ಲಿ ಒಬ್ಬ ಮಹಿಳಾ ಅಧಿಕಾರಿ ಕೈಗವಸು ತೊಟ್ಟು ರೈಫಲ್ ಎತ್ತಿದಳು, ತಿರುಗಿಸಿ ನೋಡಿದಳು, ಹುಬ್ಬು ಗಂಟಿಕ್ಕಿದಳು. ಇದರ ಬೋಲ್ಟ್ ಎಲ್ಲಿ ಎಂದಳು.

ಬೋಲ್ಟ್ ಎಂದರೆ ಗುಂಡನ್ನು ನಳಿಗೆಗೆ ತಳ್ಳಿ ಸಿಡಿಸುವ ಭಾಗ. ಅದಿಲ್ಲದ ರೈಫಲ್ ಬರೀ ದೊಣ್ಣೆ. ಎನ್‌ಸಿಸಿಯ ಹವಾಲ್ದಾರರು ರೈಫಲ್ ಒಂದು ಕಡೆ, ಬೋಲ್ಟ್ ಇನ್ನೊಂದು ಕಡೆ ಬೀಗ ಹಾಕಿಡುತ್ತಿದ್ದರು. ಎರಡನ್ನೂ ಒಟ್ಟಿಗೆ ಬಿಟ್ಟವರನ್ನು ಮೈದಾನವಿಡೀ ಓಡಿಸುತ್ತಿದ್ದರು. ಆ ಭಯ ಇಷ್ಟು ವರ್ಷವಾದರೂ ಕೈಬಿಟ್ಟಿರಲಿಲ್ಲ. ಕರಿಮಣಿಯಿಂದ ಕೀ ಬಿಚ್ಚಿ, ಪೆಟ್ಟಿಗೆ ತೆರೆದು, ಒಳಗಿನ ಬೇರೆ ಬೀಗದಲ್ಲಿದ್ದ ಬೋಲ್ಟನ್ನು ತೋರಿಸಿದೆ. ಆಕೆ ನನ್ನ ತಾಳಿಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಏನೋ ಬರೆದುಕೊಂಡಳು.

ರೈಫಲ್ ಅವರ ಜೊತೆ ಹೋಯಿತು, ಹೂವಿನ ಸಮೇತ. ಎರಡು ತಿಂಗಳು ವಿಚಾರಣೆ. ವೆರಿಬೀಯ ನಮ್ಮವರ ಮನೆಗಳಿಂದ ಅರಿಶಿನ-ಕುಂಕುಮದ ಕರೆ ನಿಂತಿತು, "ಪೊಲೀಸ್ ಬಂದಿದ್ರಂತೆ ಕಣ್ರೀ" ಎಂಬುದು ಅಂಗಡಿಯಲ್ಲಿ ನನ್ನ ಬೆನ್ನಿಗೇ ಕೇಳಿಸಿತು. ಕೊನೆಗೆ ಒಂದು ಎಚ್ಚರಿಕೆಯ ಪತ್ರದೊಂದಿಗೆ ರೈಫಲ್ ವಾಪಸಾಯಿತು. ಬೋಲ್ಟ್ ಪೆಟ್ಟಿಗೆಯಲ್ಲಿದ್ದುದರಿಂದ ಲೈಸೆನ್ಸ್ ಉಳಿಯಿತು ಎಂದು ಪತ್ರದಲ್ಲೇ ಬರೆದಿತ್ತು. ಸ್ಕ್ರೂವಿನ ಸಂದಿಯಲ್ಲಿ ಕುಂಕುಮ ಹಾಗೇ ಇತ್ತು. ಅದನ್ನು ಹಿಡಿದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಮುಂದಿನ ಜೂನ್‌ನಲ್ಲಿ, ಇಲ್ಲಿಯ ಚಳಿಗಾಲದಲ್ಲಿ, ಪೂರ್ವದ ಬೆಟ್ಟಗಳಿಗೆ ಹೋಗಿ ಒಂದು ಕಡವೆ ಹೊಡೆದೆ, ಒಂದೇ ಗುಂಡು. ನಮ್ಮ ಕಡೆಯ ಪ್ರಾಣಿಯೇ ಅದು. ಹಿಂದೆ ಯಾವ ದೊರೆಗಳೋ ಹಡಗಿನಲ್ಲಿ ತಂದು ಬಿಟ್ಟರಂತೆ; ಪಿಆರ್ ಅರ್ಜಿ ಹಾಕದೆ ಬೆಟ್ಟವನ್ನೆಲ್ಲ ತನ್ನದಾಗಿಸಿಕೊಂಡಿದೆ. ಊರಲ್ಲಿ ಹೊಡೆದರೆ ಜೈಲು, ಇಲ್ಲಿ ಲೈಸೆನ್ಸ್. ಬಿದ್ದ ಅದರ ಕುತ್ತಿಗೆ ಸವರುವಾಗ ಸಂತೋಷವೂ ಆಯಿತು, ಪಾಪವೆಂದೂ ಅನಿಸಿತು. ವಾರದೊಳಗೆ ಫೋನುಗಳು ಶುರು. "ಶೈಲಾ ಅವ್ರೇ, ಒಂದೆರಡು ಕೆಜಿ ಇದ್ರೆ..." ಎಂದರು ಅವತ್ತು ಗೇಟಿನವರೆಗೆ ಸರಿದಿದ್ದ ಪ್ರಕಾಶ್. ಎದುರುಮನೆಯವಳಿಗೆ ಒಂದು ಡಬ್ಬಿ ಮಾಂಸ ಕೊಟ್ಟೆ, ಪ್ರಕಾಶರಿಗೆ ಕೊಡಲಿಲ್ಲ. ಆಕೆ ಅವತ್ತು ಹೆದರಿ ಫೋನ್ ಮಾಡಿದಳು, ಅದು ನನಗೆ ಅರ್ಥವಾಗುತ್ತದೆ. ನಮ್ಮೂರಲ್ಲಾಗಿದ್ದರೆ ಯಾರೂ ಪೊಲೀಸರನ್ನು ಕರೆಯುತ್ತಿರಲಿಲ್ಲ, ನಿಜ. ಆದರೆ ನಮ್ಮೂರಲ್ಲಾಗಿದ್ದರೆ ಎನ್‌ಸಿಸಿ ಮುಗಿದ ಮೇಲೆ ನನ್ನ ಕೈಗೆ ಯಾರೂ ರೈಫಲ್ ಕೊಡುತ್ತಲೂ ಇರಲಿಲ್ಲ.

ಮೊನ್ನೆ ಮತ್ತೆ ಆಯುಧಪೂಜೆ. ಗ್ಯಾರೇಜಿನ ಶಟರ್ ಎತ್ತಿ ಕಾರು ತೊಳೆದೆವು, ನಿಂಬೆಹಣ್ಣು ಇಟ್ಟೆವು. ರೈಫಲ್ ಪೆಟ್ಟಿಗೆಯಲ್ಲೇ ಇರಲಿ, ಬಾಗಿಲಿಗೆ ಹೊರಗಿಂದ ಕುಂಕುಮ ಇಟ್ಟರೆ ಸಾಕು ಎಂದು ನಾನೇ ಹೇಳಿದ್ದೆ. ಬಟ್ಟಲು ಹಿಡಿದು ಪೆಟ್ಟಿಗೆಯ ಮುಂದೆ ನಿಂತೆ, ಕೈ ಮಾತ್ರ ತಾನಾಗಿ ಕತ್ತಿನ ಕೀ ಕಡೆಗೆ ಹೋಯಿತು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರಿಸುವ ಅನು ನನ್ನನ್ನೇ ನೋಡುತ್ತಿದ್ದಳು.

"ಅಮ್ಮಾ," ಎಂದಳು, "ಮೊದ್ಲು ಶಟರ್ ಹಾಕು."