ಗಜೇಂದ್ರನ ಹಿಂಬದಿಯ ಹಗ್ಗ

ಆ ಹಗ್ಗ ಬಿಚ್ಚಿದವನು ನಾನು, ವೀರಭದ್ರಾ. ನಿನ್ನ ಗಂಟು ಸಡಿಲಾಗಿರಲಿಲ್ಲ, ಮಳೆಗೆ ಜಾರಿರಲೂ ಇಲ್ಲ. ಪವಾಯಿ ಗುಡ್ಡದ ಬುಡದಲ್ಲಿ, ದಾರಿ ನೋಡಲೆಂದು ನೀನು ಮುಂದೆ ಹತ್ತಿ ಹೋದಾಗ, ನಾನೇ ಬಿಚ್ಚಿದೆ. ಇಷ್ಟು ವರ್ಷ ನೀನು ಅದನ್ನು ನಿನ್ನ ತಪ್ಪೆಂದೇ ನಂಬಿಕೊಂಡು ಬಂದೆ. ನಾನು ನಂಬಲು ಬಿಟ್ಟೆ.

ಇದನ್ನು ಹೇಳುವಾಗ ತಲೆ ತಗ್ಗಿಸಬೇಕು, ಗೊತ್ತು. ಆದರೆ ಗಜೇಂದ್ರನ ಸುದ್ದಿ ಬಂದರೆ ಸಾಕು, ಈಗಲೂ ನನ್ನ ಎದೆ ಉಬ್ಬುತ್ತದೆ — ಏನು ಮಾಡಲಿ? ಐವತ್ತರ ದಶಕದ ಮುಂಬಯಿಯಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿ, ಕೊಂಡವನೂ ಬೇಸತ್ತು ಕುರ್ಲಾದ ಗುಜರಿಗೆ ತಳ್ಳಿದ್ದ ಹಳೇ ಪಿಕಪ್ ಅದು. ವಿಲೆ ಪಾರ್ಲೆಯ ಒಂದು ಗ್ಯಾರೇಜಿನಲ್ಲಿ ನಾವಿಬ್ಬರೂ ಮೆಕ್ಯಾನಿಕ್ಕುಗಳು. ನಾನು ಉಡುಪಿ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದು, ಎಂಜಲು ತಟ್ಟೆ ಎತ್ತಲಾರದೆ ಸ್ಪ್ಯಾನರ್ ಹಿಡಿದವನು. ನೀನು ವಿಜಾಪುರದ ಚಕ್ಕಡಿ ಹೊಡೆಯುವವರ ಮಗ. ಇಬ್ಬರಿಗೂ ಬಾಯಿ ದೊಡ್ಡದು, ಜಂಬವೂ ಅಷ್ಟೇ.

ಗ್ಯಾರೇಜಿನ ಪಕ್ಕದಲ್ಲೇ ಸೀತಕ್ಕನ ಹೋಟೆಲು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ನಮ್ಮಿಬ್ಬರ ಊಟ ಅಲ್ಲೇ, ಬೈಗುಳವೂ ಅಲ್ಲೇ. ಪವಾಯಿ ಕೆರೆಯ ಹಿಂದಿನ ಗುಡ್ಡದಲ್ಲಿ ಕಲ್ಲುಗಣಿ ಶುರುವಾಗಿತ್ತು. ಮಳೆಗಾಲದಲ್ಲಿ ಸಾಮಾನು ಹೇರಿಕೊಂಡು ಗಾಡಿಯನ್ನು ಮೇಲಕ್ಕೆ ಹತ್ತಿಸಿ ತೋರಿಸಿದ ಹೋಟೆಲಿನವರಿಗೆ ಕೆಲಸಗಾರರ ಕ್ಯಾಂಟೀನು ಕೊಡುತ್ತೇನೆ ಎಂದು ಅಲ್ಲಿನ ಗುತ್ತಿಗೆದಾರ ಮಾತು ಕೊಟ್ಟಿದ್ದ. ಲಾರಿಗಳು ಆ ಕೆಸರಿನಲ್ಲಿ ಹೂತು ಕೂತದ್ದನ್ನು ನಾವು ನೋಡಿದ್ದೆವು. ಆದರೂ ಸೀತಕ್ಕನಿಗೆ ಆಸೆ. "ನೀವಿಬ್ರು ಗಾಡಿ ಹತ್ತಿಸಿದ್ರೆ ಕ್ಯಾಂಟೀನು ನಡೆಸ್ಲಿಕ್ಕೆ ನಿಮ್ಮಿಬ್ರ ಕೈಗೇ ಕೊಡ್ತೇನೆ ಮಾರಾಯ್ರೆ" ಎಂದರು. ನಮಗೆ ಅಷ್ಟು ಸಾಕಿತ್ತು.

ಹೇಗೆ ಕಟ್ಟಿದೆವು ನೆನಪಿದೆಯೇ? ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಕಮಾನಿಗೆ ಸೇರಿಸಿ ಗಾಡಿಯನ್ನು ಗೇಣುದ್ದ ಎತ್ತರಿಸಿದೆವು. ಮಡ್‌ಗಾರ್ಡ್ ಕತ್ತರಿಸಿ ದೊಡ್ಡ ಟೈರು ಕೂರಿಸಿದೆವು. ಮುಂದಿನ ಚಕ್ರಗಳೂ ಎಳೆಯಲಿ ಎಂದು ಇನ್ನೊಂದು ಮಿಲಿಟರಿ ಗಾಡಿಯ ಆಕ್ಸಲ್ ಕೂಡಿಸಿದಾಗ, ಹಿಂದಿನ, ಮುಂದಿನ ಗೇರು ಹೊಂದದೆ ಗಾಡಿ ನಿಂತಲ್ಲೇ ಮುಲುಗಿತು. "ಎರಡೂ ಎತ್ತು ಬ್ಯಾರೆ ಬ್ಯಾರೆ ಊರಿಗೆ ಹೊಂಟಾವಲ್ಲೋ" ಎಂದು ನೀನು ನಕ್ಕೆ. ಜೋಡಿ ಆಕ್ಸಲ್ ಹುಡುಕಿ ಗುಜರಿ ಗುಜರಿ ಅಲೆದೆವು. ಹೊಳೆ ದಾಟುವಾಗ ನೀರು ನುಗ್ಗಬಾರದೆಂದು ಸೈಲೆನ್ಸರಿಗೆ ಸೀತಕ್ಕನ ಒಲೆಯ ಹಳೇ ಹೊಗೆ ಕೊಳವೆ ಕಟ್ಟಿ ತಲೆಯ ಮೇಲಕ್ಕೆ ಎತ್ತಿದೆವು. ಇಂಜಿನ್ನಿನ ಹೊಟ್ಟೆಗೆ ಹೋಟೆಲಿನ ಹಳೇ ದೋಸೆ ಕಾವಲಿ. ಎಷ್ಟೋ ವರ್ಷ ದೋಸೆ ಹುಯ್ದು ನುಣುಪಾಗಿದ್ದ ಆ ಕಬ್ಬಿಣ ಬಂಡೆಗೆ ತಾಗಿದರೂ ಸಿಕ್ಕಿಕೊಳ್ಳದೆ ಜಾರುತ್ತಿತ್ತು. ಅದು ನನ್ನ ಬುದ್ಧಿ. ಏರಿನಲ್ಲಿ ನೆಲಕ್ಕೆ ಉಜ್ಜುತ್ತದೆಂದು ಗಾಡಿಯ ಬಾಲ ಕತ್ತರಿಸಿ ಹಿಂದಿನ ಬಾಗಿಲನ್ನೇ ತೆಗೆದುಹಾಕಿದ್ದೂ ನನ್ನ ಬುದ್ಧಿಯೇ. ಕೊನೆಗೆ ಎರಡೂ ಪಕ್ಕದ ಹಲಗೆಗೆ ಹಳದಿ ಬಣ್ಣದಲ್ಲಿ, ದೊಡ್ಡ ಕನ್ನಡ ಅಕ್ಷರದಲ್ಲಿ, 'ಗಜೇಂದ್ರ' ಎಂದು ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಅಕ್ಷರ ಮತ್ತೆ ಬರೆದಿಲ್ಲ.

ಖಾಲಿ ಪಿಕಪ್ಪಿನ ಹಿಂಬದಿ ಹಗುರ, ಕೆಸರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ. ಭಾರ ಬೇಕಿತ್ತು. ಹೇಗೂ ಮೇಲೆ ಕ್ಯಾಂಟೀನಿನಲ್ಲಿ ಹಿಟ್ಟು ರುಬ್ಬಬೇಕಲ್ಲ ಎಂದು ಸೀತಕ್ಕ ತಮ್ಮ ರುಬ್ಬುವ ಕಲ್ಲನ್ನೇ ಕೊಟ್ಟರು — ತಾಯಿ ಮದುವೆಗೆ ಕೊಟ್ಟದ್ದು, ಮಂಗಳೂರಿನಿಂದ ಹಡಗಿನಲ್ಲಿ ಬಂದದ್ದು. ನಿನಗೆ ಆಗ ಅದರ ಬೆಲೆ ಪೂರ್ತಿ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಕಲ್ಲು, ಅದರ ಗುಂಡು, ಎರಡೂ ಒಟ್ಟಿಗೇ ಸವೆಯುತ್ತವೆ. ಒಂದರ ಗುಂಡು ಇನ್ನೊಂದರ ಕುಳಿಗೆ ಕೂರುವುದಿಲ್ಲ. ಗುಂಡು ಹೋದರೆ ಕಲ್ಲೂ ಹೋದಂತೆಯೇ.

ನೀನು ಅದನ್ನು ನಿಮ್ಮಪ್ಪ ಚಕ್ಕಡಿಗೆ ಹೇರು ಕಟ್ಟುವ ಹಾಗೆ ಕಟ್ಟಿದೆ. ಕಲ್ಲಿನ ಮೇಲೆ, ಗುಂಡಿನ ಕತ್ತಿಗೆ, ಪಕ್ಕದ ಹಲಗೆಗಳನ್ನು ಹೊರಗಿನಿಂದ ಸುತ್ತಿ ಕೆಳಗಿನ ಕೊಕ್ಕೆಗೆ. "ನಾ ಕಟ್ಟಿದ್ದು ನಾನಽ ಬಿಚ್ಚಬೇಕು, ಬ್ಯಾರೆಯವರ ಕೈಲೆ ಆಗೂದಿಲ್ಲ" ಎಂದೆ. ನಾನೊಮ್ಮೆ ಜಗ್ಗಿ ನೋಡಲು ಹೋದರೆ ಕೈಗೆ ಹೊಡೆದೆ.

ಆ ದಿನ ಗಣಿಯ ಎಂಜಿನಿಯರು ಕ್ಯಾಮೆರಾ ಹಿಡಿದುಕೊಂಡು ಮೇಲೆ ನಿಂತಿದ್ದ. ಗುಡ್ಡದ ಬುಡದಲ್ಲಿ ಇಂಜಿನ್ ತಣಿಯಲೆಂದು ಗಾಡಿ ನಿಲ್ಲಿಸಿದಾಗ ನಾನು ಕಂಡದ್ದು — ನಿನ್ನ ಹಗ್ಗ ಸರಿಯಾಗಿ 'ಜೇ' ಅಕ್ಷರದ ಮೇಲೆ ಹಾದು, ಇನ್ನೂ ಪೂರ್ತಿ ಒಣಗದ ನನ್ನ ಹಳದಿಯನ್ನು ಉಜ್ಜುತ್ತಿದೆ. ಫೋಟೋದಲ್ಲಿ ಹೆಸರು ಕಾಣಬೇಕು. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಇಷ್ಟು ಭಾರದ ಕಲ್ಲು ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ. ಬಿಚ್ಚಿದ ಹಗ್ಗವನ್ನು ಒಳಗೆ ಎಸೆದು ಸ್ಟೀರಿಂಗ್ ಹಿಡಿದೆ.

ಗಜೇಂದ್ರ ಹತ್ತಿದ. ಹೇಗೆ ಹತ್ತಿದ, ವೀರಭದ್ರಾ! ನಾಲ್ಕೂ ಚಕ್ರ ಕೆಸರನ್ನು ಕಚ್ಚಿ, ಕಾವಲಿ ಬಂಡೆಯ ಮೇಲೆ ಕಿರ್ರೆಂದು ಜಾರಿ, ಒಲೆಯ ಕೊಳವೆ ಭುಸುಗುಟ್ಟುತ್ತ. ನೀನು ಮುಂದೆ ಹಿಮ್ಮುಖವಾಗಿ ಓಡುತ್ತ ಕೈಯಿಂದ ಎಡಕ್ಕೆ, ಬಲಕ್ಕೆ ಎಂದು ತೋರಿಸುತ್ತಿದ್ದೆ. ಕೊನೆಯ ಏರಿನಲ್ಲಿ ಹಿಂದೆ ಧಡಕ್ಕೆಂದು ಸದ್ದಾಯಿತು. ಕನ್ನಡಿಯಲ್ಲಿ ನೋಡಿದೆ. ಗುಂಡು ಕುಳಿಯಿಂದ ಎಗರಿ, ಬಾಗಿಲಿಲ್ಲದ ಬಾಲದಿಂದ ಉರುಳಿ, ನೀರು ತುಂಬಿದ ಆಳದ ಗಣಿ ಹೊಂಡಕ್ಕೆ ಬಿತ್ತು. ಬ್ರೇಕ್ ಒತ್ತಿದ್ದರೆ ಗಾಡಿ ಅಲ್ಲೇ ಹೂತುಹೋಗುತ್ತಿತ್ತು. ನಾನು ಒತ್ತಲಿಲ್ಲ. ಮೇಲೆ ಜನ ಚಪ್ಪಾಳೆ ತಟ್ಟಿದರು, ಗುತ್ತಿಗೆದಾರ ಕೈ ಕುಲುಕಿದ, ಎಂಜಿನಿಯರು ಫೋಟೋ ತೆಗೆದ. ನೀನು ಮಾತ್ರ ಹಿಂದೆ ಹೋಗಿ, ಸಡಿಲ ಬಿದ್ದಿದ್ದ ಹಗ್ಗವನ್ನು ಎತ್ತಿ ನೋಡುತ್ತ ನಿಂತಿದ್ದೆ.

ಸಂಜೆ ಹೋಟೆಲಿನ ಅಡುಗೆಮನೆಯಲ್ಲಿ ಸೀತಕ್ಕ ಕೇಳಿದ್ದು ಒಂದೇ. "ಹಗ್ಗ ಕಟ್ಟಿದ್ದು ಯಾರು?"

"ವೀರಭದ್ರ" ಎಂದೆ.

ಸುಳ್ಳಲ್ಲವಲ್ಲ — ಹಾಗೆ ನನಗೆ ನಾನೇ ಹೇಳಿಕೊಂಡೆ. ಸುಳ್ಳೇ ಅದು. ನೀನು ನನ್ನ ಮುಖ ನೋಡಲೂ ಇಲ್ಲ. "ಹೌದ್ರೀ ಅಕ್ಕಾ, ನಾನಽ ಕಟ್ಟಿದ್ದೆ. ನನ್ನ ಕೈ ತಪ್ಪಿತು" ಎಂದೆ. ಸೀತಕ್ಕ ಬೈಯಲಿಲ್ಲ. ಖಾಲಿ ಕುಳಿಯನ್ನು ಸೆರಗಿನಿಂದ ಒರೆಸಿದರು. ಕ್ಯಾಂಟೀನು ನನ್ನೊಬ್ಬನ ಕೈಗೆ ಬಂತು. ಆಮೇಲೆ ಹೋಟೆಲಿನಲ್ಲಿ ಸಾಮಾನಿನ ಕಟ್ಟು ಏನು ಬಿಚ್ಚಿಕೊಂಡರೂ, ನೀನು ಘಟ್ಟದ ಮೇಲಿನವನಲ್ಲವೇ, 'ಗಟ್ಟದವನ ಗಂಟು' ಎಂದು ಎಲ್ಲರೂ ನಗುವುದು ವಾಡಿಕೆಯಾಯಿತು. ನಾನೂ ನಕ್ಕಿದ್ದೇನೆ. ಮುಂದಿನ ಮಳೆಗಾಲಕ್ಕೆ ನೀನು ಊರಿಗೆ ಹೊರಟೆ. ಬೀಳ್ಕೊಡಲು ಬಂದವನು ಸ್ಟೇಷನ್ನಿನಲ್ಲಾದರೂ ಹೇಳಬಹುದಿತ್ತು...

ಹೋದ ತಿಂಗಳು ತಂಗಿಯ ಮಗನ ಮದುವೆಗೆಂದು ನೀನು ಮುಂಬಯಿಗೆ ಬಂದೆಯಲ್ಲ. ಹಿಂದಿರುಗುವಾಗ ನಿನ್ನ ಹಾಸಿಗೆ ಸುರುಳಿಗೆ ನೀನೇ ಹಗ್ಗ ಕಟ್ಟಿದೆ. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆ. ಆಮೇಲೆ ನನ್ನ ಕಡೆ ತಿರುಗಿ, "ನೀ ಒಮ್ಮೆ ಜಗ್ಗಿ ನೋಡಪಾ, ನನ್ನ ಕೈ ಮ್ಯಾಲೆ ನನಗ ನಂಬಿಗಿ ಇಲ್ಲ" ಎಂದೆ. ನಾನು ಜಗ್ಗಿ ನೋಡಿ, ಸರಿಯಿದೆ ಎಂದೆ. ಮನೆಗೆ ಬಂದು ಗೋಡೆಯ ಮೇಲಿನ ಆ ಫೋಟೋ ನೋಡಿದೆ. ಹೆಸರು ಚೆನ್ನಾಗಿ ಕಾಣುತ್ತದೆ, ಒಂದು ಅಕ್ಷರವೂ ಅಳಿಸಿಲ್ಲ. ಒಂದು ಮೂಲೆಯಲ್ಲಿ ನೀನು ಹಗ್ಗ ಹಿಡಿದು ನಿಂತಿದ್ದೀಯ. ಫೋಟೋವನ್ನು ಗೋಡೆಯಿಂದ ಇಳಿಸಿದೆ.

ಸೀತಕ್ಕ ಇನ್ನೂ ಇದ್ದಾರೆ. ಅವರ ಕಲ್ಲು ಹೋಟೆಲಿನ ಹಿತ್ತಿಲಲ್ಲಿದೆ, ಕುಳಿಯ ನೀರನ್ನು ಗುಬ್ಬಿಗಳು ಕುಡಿಯುತ್ತವೆ. ಆಯುಧ ಪೂಜೆಗೆ ಅವರು ಅದಕ್ಕೆ ಈಗಲೂ ಕುಂಕುಮ ಇಡುತ್ತಾರೆ. ಈ ಸಲ ಅಲ್ಲಿ, ನಕ್ಕವರೆಲ್ಲರ ಎದುರಿಗೆ, ಹೇಳುತ್ತೇನೆ. ಮಾರನೆಯ ದಿನದ ರೈಲಿಗೆ ವಿಜಾಪುರಕ್ಕೆ ಬಂದು ನಿನ್ನೆದುರು ಹೇಳುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನಿನಗೆ ತಿಳಿಯಬೇಕಾದ ಒಂದು ಸಂಗತಿ ನನ್ನ ಹತ್ತಿರ ಉಳಿದುಹೋಗಿದೆ, ಅದಕ್ಕೆ.

ನಿನ್ನ ಗಂಟು ನನ್ನ ಕೈಯಿಂದ ಬಿಚ್ಚಲಾಗಲಿಲ್ಲ, ವೀರಭದ್ರಾ. ಎಳೆದೂ ಎಳೆದೂ ಉಗುರು ಕಿತ್ತುಬಂತು. ಕೊನೆಗೆ ಟೈರು ಬಿಚ್ಚುವ ಕಬ್ಬಿಣದ ಸಲಾಕೆ ತಂದು, ಗಂಟಿನೊಳಗೆ ತೂರಿಸಿ, ಗಾಡಿಗೆ ಕಾಲು ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಮೀಟಿದ ಮೇಲೇ ಅದು ಬಿಟ್ಟದ್ದು.