ಕೇಳಿಸಿಕೊಳ್ಳುವ ಬುದ್ಧ

ಮೊನ್ನೆ ಹಳೇಬೀಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಅಂಗಡಿಯವನು ಅಂಗೈಯಗಲದ ಬುದ್ಧನನ್ನು ತೋರಿಸಿ, "ತಗೊಳ್ಳಿ ಸಾರ್, ಒರಿಜಿನಲ್" ಎಂದ. ಅದೇ ಅಚ್ಚಿನ ಇನ್ನೂ ಹತ್ತಾರು ಒರಿಜಿನಲ್‌ಗಳು ಅವನ ಹಿಂದೆ ಸಾಲಾಗಿ ಕುಳಿತಿದ್ದವು. ನಗು ಬಂತು, ಅದರ ಬೆನ್ನಿಗೇ ಅಜ್ಜಿ ನೆನಪಾದಳು.

ತೊಂಬತ್ತರ ದಶಕದ ಕೊನೆಯ ಮಾತು. ಅರಸೀಕೆರೆಯಲ್ಲಿ ಮೇಷ್ಟರಾಗಿದ್ದ ಅಪ್ಪ ಬೌದ್ಧ ಧರ್ಮ ಸ್ವೀಕರಿಸಿ ಮನೆಗೊಂದು ಪ್ಲಾಸ್ಟರಿನ ಬುದ್ಧನನ್ನು ತಂದರು. ಅಜ್ಜಿ ಒಮ್ಮೆ ನೋಡಿ, "ಅಂಗಡೀದು" ಎಂದವಳೇ ತನ್ನ ಪಾಡಿಗೆ ಊರಾಚೆಯ ಮಾರಮ್ಮನ ಕಲ್ಲಿಗೆ ಅರಿಸಿನ ಹಚ್ಚಲು ಹೊರಟಳು. ಅಪ್ಪ ಬಯ್ಯಲಿಲ್ಲ. ಆದರೆ ತಾವು ಹಿಡಿದ ದಾರಿಯಲ್ಲಿ ತಾಯಿ ಜೊತೆಗಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ.

ಹಳೇಬೀಡಿನ ಶಿಲ್ಪಿ ರುದ್ರಾಚಾರ್ ಪ್ರವಾಸಿಗಳಿಗಾಗಿ ಬೇಲೂರಿನ ಮದನಿಕೆಯರ ನಕಲು ಕೆತ್ತುತ್ತಿದ್ದರು. ಕಲ್ಲಿನದಾದರೆ ಅಜ್ಜಿ ಒಪ್ಪಿಯಾಳೆಂದು ಅಪ್ಪ ಅವರ ಕೈಗೆ ಬುದ್ಧನ ಫೋಟೋ ಕೊಟ್ಟು, "ಒಂದು ಗೆರೆಯೂ ತಪ್ಪಬಾರದು" ಎಂದರು. ತಪ್ಪಲೂ ಇಲ್ಲ. ಕಲ್ಲಿನ ಬುದ್ಧನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದವನು ನಾನೇ. ಆಗಷ್ಟೇ ಕಾಲೇಜು ಸೇರಿದ್ದ ನನಗೆ ಶಿಲ್ಪಕಲೆಯಲ್ಲಿ ತಿಳಿಯದ್ದೇನೂ ಇರಲಿಲ್ಲವಾದ್ದರಿಂದ, ದಾರಿಯುದ್ದಕ್ಕೂ ಪಕ್ಕದವರಿಗೆ ಅದರ ಲಕ್ಷಣ ವಿವರಿಸಿದೆ. ಅಜ್ಜಿ ಮಾತ್ರ, "ಇವ್ನೂ ಅಂಗಡಿಯವ್ನೇ ಕಣಪ್ಪ" ಎಂದುಬಿಟ್ಟಳು.

ಸುದ್ದಿ ತಿಳಿದ ರುದ್ರಾಚಾರ್ ಸಿಟ್ಟಿನಲ್ಲೇ ಅರಸೀಕೆರೆಗೆ ಬಂದರು.

"ಎಲ್ಲಿ ತಪ್ಪೈತೆ ತೋರ್ಸಮ್ಮ."

"ತಪ್ಪೇನಿಲ್ಲ ಕಣಪ್ಪ," ಎಂದಳು ಅಜ್ಜಿ. "ಕಣ್ ಮುಚ್ಕಂಡವ್ನೆ. ನಾವೇನಾರ ಹೇಳ್ಕಂಡ್ರೆ ಇವ್ನಿಗೆ ಕೇಳುಸ್ತದಾ?"

"ಏನ್ ಹೇಳ್ಕೋಬೇಕಿತ್ತಮ್ಮ?"

ಅಜ್ಜಿ ಎದ್ದು ಹೋಗಿ ಕಾಫಿ ತಂದಿಟ್ಟಳು. ರುದ್ರಾಚಾರ್ ಅವಳ ಮುಖವನ್ನೇ ನೋಡುತ್ತ ಕಾಫಿ ಕುಡಿದರು. ಹೋಗುವಾಗ ಮೂರ್ತಿಯನ್ನು ವಾಪಸು ಒಯ್ದರು.

ಕೆಲವು ತಿಂಗಳ ಮೇಲೆ ಬೇರೊಂದನ್ನು ತಂದರು. ಜಗಲಿಯಲ್ಲಿ ಕೂತು ಯಾರದೋ ಮಾತು ಕೇಳಿಸಿಕೊಳ್ಳುವವನಂತೆ ಈ ಬುದ್ಧನ ತಲೆ ತುಸು ವಾಲಿತ್ತು, ಕಣ್ಣು ತೆರೆದಿತ್ತು. ಅಪ್ಪನಿಗೆ ಸಮಾಧಾನವಾಗಲಿಲ್ಲ.

"ಇದು ಯಾವ ಶೈಲಿಯೂ ಅಲ್ವಲ್ರೀ?"

"ನಂಗೂ ಗೊತ್ತಿಲ್ಲ ಮೇಷ್ಟ್ರೇ. ಈ ಸಲ ಫೋಟೋ ನೋಡ್ಲಿಲ್ಲ. ನಿಮ್ಮವ್ವ ನೆಪ್ಪಲ್ಲಿದ್ರು. ಬ್ಯಾಡ ಅಂದ್ರೆ ತಗೊಂಡೋಗ್ತೀನಿ."

ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಮೂರ್ತಿಯೆದುರು ನೆಲದ ಮೇಲೆ ಕುಳಿತಳು. ನಾವಿರುವುದನ್ನೇ ಮರೆತವಳಂತೆ ಮೆಲ್ಲಗೆ ಹೇಳತೊಡಗಿದಳು.

"ನನ್ ಮೊದಲ್ನೇ ಮಗ, ಸಿದ್ದ ಅಂತ. ಜ್ವರ ಬಂದಿತ್ತು. ಕೂಲಿ ಬುಟ್ಟು ಬರಕ್ಕಾಗ್ಲಿಲ್ಲ ನಂಗೆ. ಅವ್ವಾ, ಅವ್ವಾ ಅಂತಾನೇ ಹೋದ್ನಂತೆ."

ತಮಗಿಂತ ಮೊದಲು ಒಂದು ಮಗು ಹುಟ್ಟಿತ್ತೆಂದು ಅಪ್ಪನಿಗೆ ಆವರೆಗೆ ಯಾರೂ ಹೇಳಿರಲಿಲ್ಲ. ರುದ್ರಾಚಾರ್ ಸದ್ದಿಲ್ಲದೆ ಎದ್ದು ಹೊರಗೆ ಹೋದರು. ಶೈಲಿಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಎರಡಕ್ಕೂ ಒಂದೇ ಕಲ್ಲು, ಒಂದೇ ಕೈ. ಆದರೂ ಒಂದು ನಕಲಾಗಿ, ಇನ್ನೊಂದು ನಿಜವಾದದ್ದು ಹೇಗೆಂದು ನೀವು ಕೇಳಿದರೆ, ಎರಡನೆಯದನ್ನು ಕೆತ್ತುವಾಗ ರುದ್ರಾಚಾರ್ ಮನಸ್ಸಿನೆದುರು ಒಂದು ಮನುಷ್ಯಜೀವವಿತ್ತು ಎಂದಷ್ಟೇ ಹೇಳಬಲ್ಲೆ.

ಅಜ್ಜಿ ಈಗಿಲ್ಲ. ಮೊನ್ನೆ ನಾನು ಹೊರಟಿದ್ದು ಹಗರೆಯಲ್ಲಿದ್ದ ಗಂಡಿನ ಮನೆಗೆ, ತಂಗಿಯ ಮದುವೆಯ ಮಾತುಕತೆಗೆ. ಅಪ್ಪ ಆಗಲೇ ಬಂದು ಕುಳಿತಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು, "ನಿಮ್ ತಂದೆತಾಯಿಗೆ ನೀವೊಬ್ರೇನಾ ಮೇಷ್ಟ್ರೇ?" ಎಂದು ಕೇಳಿದರು.

"ಅಲ್ಲ," ಎಂದರು ಅಪ್ಪ. "ನಾನು ಎರಡನೆಯವನು. ದೊಡ್ಡವನು ಸಿದ್ದ, ನಮ್ಮಣ್ಣ."